ಮನೆಗೆ ಮರಿ ತರುವ ಮುನ್ನ



ನಾಯಿ ಇಲ್ಲದ ರೈತನ ಮನೆ ಅಪರೂಪ. ಹೊಲದ ಕಾವಲಿಗೆ ನಾಯಿ ಬೇಕು, ಕಾಳಿನ ಮೂಟೆ ಕಾಯಲು ಬೆಕ್ಕು ಬೇಕು. ಹಳ್ಳಿಯಲ್ಲಿ ಇವನ್ನು ಸಾಕುವುದಕ್ಕೆ ಯಾರೂ ವಿಶೇಷ ಏರ್ಪಾಡು ಮಾಡುವುದಿಲ್ಲ. ಜಗಲಿಯ ಮೇಲೆ ಮಲಗುತ್ತವೆ, ಹಸಿವಾದಾಗ ಬಾಗಿಲಿಗೆ ಬರುತ್ತವೆ, ಉಳಿದ ಹೊತ್ತು ತಮ್ಮ ಪಾಡಿಗೆ ತಾವು ತಿರುಗುತ್ತವೆ. ಆದರೆ ಈಗ ನಮ್ಮ ಹಟ್ಟಿಯಲ್ಲಿ ಹುಟ್ಟಿದ ಮರಿಗಳು ಪಟ್ಟಣಕ್ಕೂ ಹೋಗುತ್ತಿವೆ. ಮಗಳನ್ನು ಜಯನಗರಕ್ಕೆ ಕೊಟ್ಟಿರುತ್ತೀರಿ. ಮಗ ಬಿ.ಟಿ.ಎಂ. ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದಿರುತ್ತಾನೆ. ಮೊಮ್ಮಕ್ಕಳು ಬೇಸಿಗೆ ರಜಕ್ಕೆ ಬಂದವರು, "ತಾತ, ಈ ಮರಿ ನಂಗೆ ಬೇಕು" ಅಂತ ಹಟ ಹಿಡಿಯುತ್ತಾರೆ. ಒಂದು ಬುಟ್ಟಿಗೆ ಗೋಣಿತಟ್ಟು ಹಾಸಿ, ಮರಿಯನ್ನು ಕೂರಿಸಿ ಬಸ್ಸು ಹತ್ತಿಸುತ್ತೀರಿ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತೆ? ಮುಗಿಯಲಿಲ್ಲ. ಮರಿ ಹೋಗಿ ಸೇರುವ ಮನೆ ಅದಕ್ಕೆ ಕ್ಷೇಮವೋ ಅಲ್ಲವೋ ಎಂಬುದನ್ನು ಮೊದಲೇ ನೋಡಬೇಕು. ಇವತ್ತಿನ ಮಾತು ಅದೇ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಕೈಯಿಂದ ಆದ ಒಂದು ತಪ್ಪಿನಿಂದ ಕಲಿತು ಹೇಳುತ್ತಿದ್ದೇನೆ. ಮೊದಲು ಅದನ್ನು ಕೇಳಿ.

ನಮ್ಮ ಅಕ್ಕನನ್ನು ಸಾರಕ್ಕಿಗೆ ಕೊಟ್ಟಿದೆ. ಸಾರಕ್ಕಿ ಹೆಸರಿಗೆ ಈಗ ಜೆ.ಪಿ. ನಗರದ ಪಕ್ಕದ ಒಂದು ಭಾಗ. ಆದರೆ ಅದು ಕೆರೆ, ಹೊಲ, ದನಕರು ಎಲ್ಲ ಇದ್ದ ಹಳ್ಳಿಯೇ. ಆ ದಿಕ್ಕಿನ ಎಷ್ಟೋ ಬಡಾವಣೆಗಳು ಹಾಗೆಯೇ ಎದ್ದವು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಹಾಕಿದಾಗ ಅದು ಊರಾಚೆಯ ಹೊಲಗಳ ಜಾಗ. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರು ಅಡಗಿದೆ. ಹಳ್ಳಿ ಹೋಗಿ ಬಡಾವಣೆ ಬಂತು, ಹೊಲದ ಬದು ಹೋಗಿ ಕಾಂಪೌಂಡು ಗೋಡೆ ಬಂತು. ಹಾಗೆಯೇ ನಾಯಿ ಬೆಕ್ಕುಗಳಿಗೆ ಬರುವ ಅಪಾಯವೂ ಹೊಲ ಬಿಟ್ಟು ಮನೆಯೊಳಗೆ ಬಂದು ಕೂತಿದೆ.

ಕೆಲವು ವರ್ಷಗಳ ಹಿಂದೆ, ಕಾರ್ತಿಕ ಮಾಸದ ಕಡೆಯ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವನು ಅಕ್ಕನ ಮನೆಯಲ್ಲಿ ಇಳಿದುಕೊಂಡೆ. ನಮ್ಮ ಹೊಲದ ಒಂದು ಮೂಟೆ ಕಡಲೆಕಾಯಿ ಅವಳಿಗೆಂದು ತಂದಿದ್ದೆ. ಜೊತೆಗೆ ಮಕ್ಕಳು ಕೇಳಿದ್ದ ಒಂದು ಕೆಂದು ಬಣ್ಣದ ನಾಯಿಮರಿ. ಮೂಟೆಯನ್ನು ಸಾಮಾನು ಕೋಣೆಯಲ್ಲಿ ಇಟ್ಟೆವು. ಕಡಲೆಕಾಯಿ ವಾಸನೆಗೆ ಇಲಿ ಬಾರದಿರುತ್ತದೆಯೆ? ಎರಡನೆಯ ರಾತ್ರಿಯೇ ಚೀಲ ಕೊರೆಯುವ ಸದ್ದು ಕೇಳಿಸಿತು. ಬೆಳಿಗ್ಗೆ ಅಂಗಡಿಗೆ ಹೋಗಿ ಇಲಿ ಪಾಷಾಣದ ಬಿಲ್ಲೆಗಳನ್ನು ತಂದು, ಮೂಟೆಯ ಹಿಂದೆ ನಾಲ್ಕು ಕಡೆ ಇಟ್ಟೆ. ಪೊಟ್ಟಣವನ್ನು ಕಸಕ್ಕೆ ಹಾಕಿದೆ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದೆ. ಅಕ್ಕನಿಗೆ ಹೇಳಲಿಲ್ಲ. ಹೇಳಬಾರದು ಎಂದಲ್ಲ, ಮರೆತೆ.

ಮೂರು ದಿನ ಮರಿ ಚೆನ್ನಾಗಿಯೇ ಇತ್ತು. ನಾಲ್ಕನೆಯ ದಿನ ಏಳಲಿಲ್ಲ. ವಸಡು ಬೆಳ್ಳಗಾಗಿತ್ತು, ಮೂಗಿನಲ್ಲಿ ರಕ್ತ. ಅಕ್ಕ, ಭಾವ ಆಟೋ ಹಿಡಿದು ಪಶುವೈದ್ಯರ ಬಳಿಗೆ ಓಡಿದರು. ಡಾಕ್ಟರು ಕೇಳಿದ ಮೊದಲ ಮಾತು, "ಏನಾದ್ರೂ ತಿಂದಿತ್ತೇನಮ್ಮ? ಮನೇಲಿ ಇಲಿ ಪಾಷಾಣ ಇಟ್ಟಿದ್ರಾ?"

"ಇಲ್ಲ ಸಾರ್, ನಮ್ಮನೇಲಿ ಅದನ್ನೆಲ್ಲ ಇಡೋದೇ ಇಲ್ಲ. ಅನ್ನ ಹಾಲು ಬಿಟ್ರೆ ಏನೂ ಹಾಕಿಲ್ಲ" ಅಂದಳು ಅಕ್ಕ. ಅವಳು ಹೇಳಿದ್ದು ಅವಳಿಗೆ ಗೊತ್ತಿದ್ದ ಸತ್ಯ.

ಡಾಕ್ಟರು ಬೇರೆ ರೋಗಗಳನ್ನು ಹುಡುಕುತ್ತ ಹೋದರು. ಭಾವನಿಗೆ ಸಂಶಯ ಬಂದು ನನಗೆ ಫೋನು ಮಾಡಿದರು. ನಾನು ಹೊಲದಲ್ಲಿದ್ದೆ, ಫೋನು ಮನೆಯಲ್ಲಿತ್ತು. ಸಂಜೆ ನಾನು ಮಾತಾಡುವ ಹೊತ್ತಿಗೆ ತಡವಾಗಿತ್ತು. ಮರಿ ಉಳಿಯಲಿಲ್ಲ. ಅಕ್ಕ ನನಗೆ ಒಂದು ಮಾತೂ ಬಯ್ಯಲಿಲ್ಲ. "ಒಂದ್ ಮಾತು ಹೇಳಿದ್ದಿದ್ರೆ ಆಗೋದಪ್ಪ" ಅಂದಳು, ಅಷ್ಟೇ. ಆ ಮಾತು ಇವತ್ತಿಗೂ ನನ್ನ ಜೊತೆಗಿದೆ.

ನಾನು ಇಟ್ಟದ್ದು ಬ್ರೋಮಾಡಿಯೋಲೋನ್ ಎಂಬ ಜಾತಿಯ ವಿಷ. ಅದು ಕೆಲಸ ಮಾಡುವ ಬಗೆ ತಿಳಿದುಕೊಳ್ಳಿ. ಮೈಯಲ್ಲಿ ಗಾಯವಾದರೆ ರಕ್ತ ಹೆಪ್ಪುಗಟ್ಟಿ ನಿಲ್ಲುತ್ತದಲ್ಲ, ಆ ಹೆಪ್ಪುಗಟ್ಟಿಸುವ ವಸ್ತುಗಳನ್ನು ಮಾಡುವುದಕ್ಕೆ ಪಿತ್ತಜನಕಾಂಗಕ್ಕೆ ವಿಟಮಿನ್ 'ಕೆ' ಬೇಕು. ಈ ವಿಷ ಆ ವಿಟಮಿನ್ ಉಪಯೋಗಕ್ಕೆ ಬಾರದಂತೆ ತಡೆಯುತ್ತದೆ. ರಕ್ತದಲ್ಲಿ ಹಳೆಯ ದಾಸ್ತಾನು ಇರುವತನಕ ಪ್ರಾಣಿ ಆಡಿಕೊಂಡಿರುತ್ತದೆ. ಅದು ತೀರಿದ ಮೇಲೆ ಒಳಗೊಳಗೇ ರಕ್ತ ಸೋರುತ್ತದೆ. ಆದುದರಿಂದ ತಿಂದ ದಿನ ಏನೂ ಕಾಣುವುದಿಲ್ಲ. ಆದರೆ ತಿಂದದ್ದು ಗೊತ್ತಾದರೆ ಇದಕ್ಕೆ ಮದ್ದುಂಟು. ವಿಟಮಿನ್ 'ಕೆ' ಔಷಧಿಯನ್ನು ವೈದ್ಯರು ಹೇಳಿದಂತೆ ಕೆಲವು ವಾರ ಬಿಡದೆ ಕೊಟ್ಟರೆ ಎಷ್ಟೋ ಪ್ರಾಣಿಗಳು ಬದುಕುತ್ತವೆ. ಮದ್ದು ಇತ್ತು, ವೈದ್ಯರು ಇದ್ದರು. ಇಲ್ಲದ್ದು ನನ್ನ ಒಂದು ಮಾತು.

ಹೊಲದಲ್ಲಿ ನಾವು ಬಳಸುವ ಕಪ್ಪು ಪುಡಿ, ಜಿಂಕ್ ಫಾಸ್ಫೈಡ್, ಇದಕ್ಕಿಂತ ಕ್ರೂರ. ಅದು ಹೊಟ್ಟೆಯ ಆಮ್ಲಕ್ಕೆ ಸೇರಿ ವಿಷದ ಅನಿಲವಾಗುತ್ತದೆ, ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತದೆ. ಅದನ್ನು ಇಳಿಸುವ ಮದ್ದು ಎಂಬುದಿಲ್ಲ. ಅದನ್ನು ಮನೆಯೊಳಗೆ ತರಲೇಬೇಡಿ. ವಿಷ ತಿಂದು ಸತ್ತ ಇಲಿಯನ್ನು ತಿಂದ ನಾಯಿ, ಬೆಕ್ಕಿಗೂ ಅಪಾಯ ಉಂಟು. ಹೊಲದಲ್ಲಿ ಸತ್ತ ಇಲಿ ಕಂಡರೆ ಆಳವಾಗಿ ಹೂಳಿ.

ಹಾಗಾದರೆ ಇಲಿಯನ್ನು ಸುಮ್ಮನೆ ಬಿಡಬೇಕೆ ಎಂದು ಕೇಳುತ್ತೀರಿ. ಬಿಡಕೂಡದು. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ, ಅದು ನಾಯಿಗೂ ಬರುತ್ತದೆ, ಮನುಷ್ಯನಿಗೂ ಬರುತ್ತದೆ. ಕಾಳನ್ನು ಚೀಲದಲ್ಲಿಡದೆ ಮುಚ್ಚಳ ಭದ್ರವಾದ ತಗಡಿನ ಡಬ್ಬದಲ್ಲಿಡಿ. ಬಾಗಿಲ ಕೆಳಗಿನ ಸಂದು ಮುಚ್ಚಿ. ಬಚ್ಚಲ ಕಿಂಡಿಗೆ ಜಾಲರಿ ಹಾಕಿಸಿ. ರಾತ್ರಿ ಬೋನು ಇಡಿ. ಬೋನಿಗೆ ಬಿದ್ದ ಇಲಿ ಕಣ್ಣಿಗೆ ಕಾಣುತ್ತದೆ, ಲೆಕ್ಕ ಸಿಗುತ್ತದೆ. ವಿಷಕ್ಕೆ ಲೆಕ್ಕವಿಲ್ಲ.

ಈಗ ಬನ್ನಿ, ಅಕ್ಕನ ಮನೆಯಂಥ ಒಂದು ಪಟ್ಟಣದ ಮನೆಯನ್ನು ಗೇಟಿನಿಂದ ಅಟ್ಟದವರೆಗೆ ಒಮ್ಮೆ ಸುತ್ತಿ ಬರೋಣ. ಮರಿಯ ಎತ್ತರಕ್ಕೆ ಬಗ್ಗಿ ನೋಡಬೇಕು. ನಮ್ಮ ಕಣ್ಣಿಗೆ ಬೀಳದ್ದು ಅದರ ಬಾಯಿಗೆ ಸಿಗುತ್ತದೆ.

ಮೊದಲನೆಯದು ಗೇಟು. ಸರಳುಗಳ ಸಂದಿನಲ್ಲಿ ಮರಿಯ ತಲೆ ತೂರುವುದಾದರೆ ಅದರ ಮೈಯೂ ತೂರುತ್ತದೆ. ಗೇಟಿನ ಅಡಿಗೆ ಒಂದು ಜಾಲರಿ ಅಥವಾ ಹಲಗೆ ಕಟ್ಟಿ. ಹೊರಗೆ ಬನಶಂಕರಿ ಕಡೆಯ ದೊಡ್ಡ ರಸ್ತೆ ಇದ್ದರೆ, ಹಳ್ಳಿಯ ಮರಿಗೆ ಅದು ಬಂಡಿ ದಾರಿಯ ಹಾಗೆಯೇ ಕಾಣುತ್ತದೆ. ನಿಂತ ಕಾರಿನ ಅಡಿಯ ನೆರಳಲ್ಲಿ ಮರಿ ಮಲಗುತ್ತದೆ. ಚಳಿಗಾಲದಲ್ಲಿ ಬೆಕ್ಕು ಎಂಜಿನ್ನಿನ ಬಿಸಿಗೆ ಬಾನೆಟ್ಟಿನೊಳಗೇ ಸೇರಿಕೊಳ್ಳುತ್ತದೆ. ಕಾರು ಹೊರಡಿಸುವ ಮುಂಚೆ ಬಾನೆಟ್ಟನ್ನು ಎರಡು ಸಲ ತಟ್ಟಿ, ಅಡಿಗೆ ಬಗ್ಗಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು.

ಎರಡನೆಯದು ಅಂಗಳದ ಕುಂಡಗಳು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಗುಲಾಬಿ ಗಿಡ ತರುತ್ತಾರೆ, ಜೊತೆಗೆ ಗೊಬ್ಬರವನ್ನೂ ತರುತ್ತಾರೆ. ನಮಗೆ ರೈತರಿಗೆ ಹರಳು ಹಿಂಡಿಯ ಗುಣ ಗೊತ್ತು, ಅದು ಒಳ್ಳೆಯ ಗೊಬ್ಬರ. ಆದರೆ ಹರಳು ಬೀಜದಲ್ಲಿ ರಿಸಿನ್ ಎಂಬ ಘೋರ ವಿಷ ಉಂಟು. ಎಣ್ಣೆ ತೆಗೆದ ಮೇಲೂ ಅದು ಹಿಂಡಿಯಲ್ಲೇ ಉಳಿಯುತ್ತದೆ. ಹಿಂಡಿಗೆ ಮೂಳೆ ಗೊಬ್ಬರ ಬೆರೆಸಿದರೆ ನಾಯಿಗೆ ಆ ವಾಸನೆ ಊಟಕ್ಕೆ ಕರೆದ ಹಾಗೆ. ಕುಂಡ ಕೆದರಿ ತಿನ್ನುತ್ತದೆ. ಆಮೇಲೆ ವಾಂತಿ, ರಕ್ತಭೇದಿ. ನಾಯಿ ಇರುವ ಮನೆಯ ಕುಂಡಕ್ಕೆ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರವೋ ಎರೆಗೊಬ್ಬರವೋ ಸಾಕು. ದೇವರ ಪೂಜೆಗೆಂದು ಬೆಳೆಸುವ ಕಣಗಿಲೆಯೂ ವಿಷದ ಗಿಡವೇ. ಅದರ ಎಲೆ, ಕೊಂಬೆ ಎರಡೂ ಹೃದಯವನ್ನು ಹಿಡಿಯುತ್ತವೆ. ಸವರಿದ ಕಣಗಿಲೆ ಕೊಂಬೆಯನ್ನು ದನಕ್ಕೂ ಹಾಕಬೇಡಿ, ಮರಿ ಕಚ್ಚಿ ಆಡುವ ಕಡೆಯೂ ಬಿಡಬೇಡಿ.

ಮೂರನೆಯದು ಸಂಪು. ಪಟ್ಟಣದ ಮನೆಗಳಲ್ಲಿ ನೆಲದಡಿಯ ನೀರಿನ ತೊಟ್ಟಿಗೆ ಹಾಗೆನ್ನುತ್ತಾರೆ. ನೀರು ಬಂದಿತೋ ಇಲ್ಲವೋ ನೋಡಲು ಮುಚ್ಚಳ ತೆಗೆದವರು ಹಾಗೇ ಮರೆತು ಒಳಗೆ ಹೋಗುತ್ತಾರೆ. ಅದರ ಗೋಡೆ ನುಣುಪು, ಹತ್ತಿ ಬರಲು ಮೆಟ್ಟಿಲಿಲ್ಲ. ಈ ಮಾತು ಮರಿಗೆಷ್ಟೋ ಮಗುವಿಗೂ ಅಷ್ಟೇ. ಮುಚ್ಚಳಕ್ಕೆ ಬೀಗ ಇರಲಿ.

ನಾಲ್ಕನೆಯದು ಅಡಿಗೆಮನೆ. "ನಾವು ತಿನ್ನೋದನ್ನೇ ಹಾಕ್ತೀವಿ, ಅದರಲ್ಲೇನು ತಪ್ಪು?" ಅನ್ನುತ್ತೀರಿ. ತಪ್ಪು ಉಂಟು. ಈರುಳ್ಳಿ, ಬೆಳ್ಳುಳ್ಳಿ ಹೆಚ್ಚಾದರೆ ನಾಯಿ ಬೆಕ್ಕುಗಳ ರಕ್ತಕಣ ಒಡೆಯುತ್ತದೆ. ಆದುದರಿಂದ ಹುಳಿ, ಸಾರು ಕಲಸಿದ ಅನ್ನಕ್ಕಿಂತ ಬರೀ ಅನ್ನ, ಬೇಯಿಸಿದ ಮೊಟ್ಟೆ, ಮಾಂಸ ಮೇಲು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಪಾಯಸದ ದ್ರಾಕ್ಷಿಯನ್ನು ಪ್ರೀತಿಗೆಂದೂ ಕೊಡಬೇಡಿ. ಚಾಕೊಲೇಟೂ ಹಾಗೆಯೇ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಮಾವಿನ ವಾಟೆ, ಜೋಳದ ದಿಂಡು ಕರುಳಲ್ಲಿ ಸಿಕ್ಕಿಕೊಂಡರೆ ಹೊಟ್ಟೆ ಕೊಯ್ದೇ ತೆಗೆಯಬೇಕು.

ಅಕ್ಕತಂಗಿಯರಿಗೆ ಒಂದು ಮಾತು. ಮುಡಿದು ಬಾಡಿದ ಹೂವಿನ ದಾರವನ್ನು ಎಲ್ಲೆಂದರಲ್ಲಿ ಇಡಬೇಡಿ. ಬೆಕ್ಕಿನ ನಾಲಗೆಯಲ್ಲಿ ಹಿಮ್ಮುಖವಾದ ಮುಳ್ಳುಗಳಿವೆ. ದಾರ ಒಮ್ಮೆ ಬಾಯಿಗೆ ಬಂದರೆ ಅದು ಉಗಿಯಲಾರದು, ನುಂಗುತ್ತಲೇ ಹೋಗುತ್ತದೆ. ಆ ದಾರ ಕರುಳನ್ನು ನೆರಿಗೆ ಹಿಡಿದ ಸೀರೆಯಂತೆ ಮುದುಡಿಸಿಬಿಡುತ್ತದೆ. ಬಾಯಲ್ಲೋ ಹಿಂಬದಿಯಲ್ಲೋ ದಾರದ ತುದಿ ಕಂಡರೆ ಎಳೆಯಬೇಡಿ, ಕರುಳು ಹರಿದೀತು. ಹಾಗೆಯೇ ವೈದ್ಯರ ಬಳಿ ಒಯ್ಯಿರಿ.

ಐದನೆಯದು ಬಚ್ಚಲು ಮತ್ತು ಬೀರು. ಫಿನಾಯಿಲ್ ಹಾಕಿ ಒರೆಸಿದ ನೆಲ ಒಣಗುವ ಮುಂಚೆ ಬೆಕ್ಕು ತುಳಿದರೆ, ಪಾದ ನೆಕ್ಕಿ ನೆಕ್ಕಿ ವಿಷ ಒಳಗೆ ಹೋಗುತ್ತದೆ. ನೀರು ಬೆರೆಸಿ ಒರೆಸಿ, ಒಣಗುವ ತನಕ ಬಾಗಿಲು ಹಾಕಿ. ಬಟ್ಟೆಯ ನಡುವಿನ ನುಸಿಗುಳಿಗೆ ಮಿಠಾಯಿಯ ಹಾಗೆ ಉರುಳುತ್ತದೆ, ಅದೂ ವಿಷ. ಬಟ್ಟೆ ಒಗೆಯುವ ಯಂತ್ರದೊಳಗೆ ಬೆಕ್ಕು ಮಲಗಿದೆಯೇ ಎಂದು ಕೈಯಾಡಿಸಿ ನೋಡಿಯೇ ಯಂತ್ರ ಹಾಕಿ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಒಂದು ಸಾಕು, ಬೆಕ್ಕನ್ನು ಕೊಲ್ಲುತ್ತದೆ. ದನಕ್ಕೆ ಹಚ್ಚುವ ಉಣ್ಣೆ ಔಷಧಿಯನ್ನು ಅಂದಾಜಿನಲ್ಲಿ ನಾಯಿಗೆ ಹಚ್ಚಬೇಡಿ. ನಾಯಿಯ ಔಷಧಿಯನ್ನು ಬೆಕ್ಕಿಗೆ ಹಚ್ಚಲೇಬೇಡಿ. ಅದರಲ್ಲಿರುವ ಪರ್ಮೆತ್ರಿನ್ ಬೆಕ್ಕಿಗೆ ಆಗುವುದಿಲ್ಲ.

ಆರನೆಯದು ಮಹಡಿ. ಬೆಕ್ಕು ಎತ್ತರದಿಂದ ಬಿದ್ದರೂ ಕಾಲ ಮೇಲೆಯೇ ನಿಲ್ಲುತ್ತದೆ ಎಂಬುದು ನಮ್ಮ ನಂಬಿಕೆ. ನಾಡಹೆಂಚಿನ ಮನೆಯಿಂದ ಹಾರಿದಾಗ ಅದು ನಿಜ. ನಾಲ್ಕು ಮಹಡಿಯ ಮನೆಯ ಬಾಲ್ಕನಿಯಿಂದ, ಪಾರಿವಾಳದ ಮೇಲೆ ಹಾರಲು ಹೋಗಿ ಕಾಂಕ್ರೀಟಿನ ಮೇಲೆ ಬಿದ್ದರೆ ಕಾಲು ಮುರಿಯುತ್ತದೆ, ದವಡೆ ಒಡೆಯುತ್ತದೆ, ಪ್ರಾಣವೂ ಹೋಗುತ್ತದೆ. ಬಾಲ್ಕನಿಗೂ ಕಿಟಕಿಗೂ ಗಟ್ಟಿ ಬಲೆ ಕಟ್ಟಿಸಬೇಕು.

ಕಡೆಯದು ಕಸದ ಬುಟ್ಟಿ. ಸಾರಕ್ಕಿ, ಯಡಿಯೂರಿನಂಥ ಹಳೆಯ ಹಳ್ಳಿಗಳ ಬೀದಿಗೆ ದನವೂ ಬರುತ್ತದೆ. ಉಳಿದ ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಎಸೆದರೆ, ದನಕ್ಕೆ ಗಂಟು ಬಿಚ್ಚಲು ಬರುತ್ತದೆಯೆ? ಚೀಲವನ್ನೇ ನುಂಗುತ್ತದೆ. ಅದು ಮೊದಲ ಹೊಟ್ಟೆಯಲ್ಲಿ ಕರಗದೆ ಕೂಡಿ ಕೂಡಿ ಮುದ್ದೆಯಾಗಿ, ಮೇವಿಗೆ ಜಾಗವಿಲ್ಲದೆ ದನ ಬಡವಾಗುತ್ತದೆ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದೆ. ಕಾನೂನು ಬಂದರೆ ಸಾಲದು, ಗಂಟು ಕಟ್ಟುವ ಕೈಯೂ ನಿಲ್ಲಬೇಕು.

ಮನೆ ನೋಡಿದ್ದಾಯಿತು. ಇನ್ನು ಮರಿಯ ವಿಷಯ. ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬೇಡಿ. ಆರರಿಂದ ಎಂಟು ವಾರದ ಹೊತ್ತಿಗೆ ಮೊದಲ ಲಸಿಕೆ ಹಾಕಿಸಿ. ರಕ್ತಭೇದಿ ಮಾಡಿ ಕೊಲ್ಲುವ ಪಾರ್ವೋ ರೋಗದ ವಿಷಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ. ಇದು ಮರಿಯ ಕ್ಷೇಮಕ್ಕೆ ಮಾತ್ರವಲ್ಲ. ಮೊಮ್ಮಕ್ಕಳಿಗೆ ನಾಯಿಯ ಹಲ್ಲು ತಗುಲಿದರೆ, ಅದು ಮನೆಯ ನಾಯಿಯೇ ಆಗಲಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ಈ ರೋಗದ ಲಕ್ಷಣ ಕಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು.

ಕೊರಳ ಪಟ್ಟಿಗೆ ಫೋನ್ ನಂಬರಿನ ಒಂದು ಬಿಲ್ಲೆ ಇರಲಿ. ದೀಪಾವಳಿಯ ಪಟಾಕಿಗೆ ಬೆದರಿ ಓಡಿದ ನಾಯಿಗೆ ಪಟ್ಟಣದಲ್ಲಿ ದಾರಿ ತಿಳಿಯದು. ಮೂರು ಸಂಜೆ ಒಳಕೋಣೆಯಲ್ಲಿ ಇರಿಸಿಕೊಳ್ಳಿ. ಹಾಗೆಂದು ದಿನವೆಲ್ಲ ಕಟ್ಟಿಹಾಕುವುದೂ ಸಲ್ಲದು. ನಾಯಿಯನ್ನು ಸದಾ ಸರಪಳಿಯಲ್ಲಿ ಬಿಗಿದು ತಿರುಗಾಡಿಸದೆ ಇಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ತಪ್ಪು.

ಇಷ್ಟು ಮಾಡಿದರೂ ಮರಿ ಏನನ್ನೋ ತಿಂದಿತು ಎನ್ನಿ. ಆಗ ಏನು ಮಾಡಬೇಕು? ನಮ್ಮ ಕಡೆ ಉಪ್ಪುನೀರು ಕುಡಿಸುತ್ತಾರೆ, ಹುಣಸೆರಸ, ಎಣ್ಣೆ, ಹಾಲು ಹೊಯ್ಯುತ್ತಾರೆ. ಬೇಡಿ. ಸೋತ ಪ್ರಾಣಿಗೆ ಬಲವಂತವಾಗಿ ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಪ್ಪು ಹೆಚ್ಚಾದರೆ ಅದೇ ಇನ್ನೊಂದು ವಿಷ. ಬಾಯಲ್ಲಿ ಉಳಿದದ್ದನ್ನು ಒರೆಸಿ ತೆಗೆಯಿರಿ. ವಿಷದ ಪೊಟ್ಟಣ, ಡಬ್ಬ, ಅರ್ಧ ತಿಂದ ಚೂರು, ವಾಂತಿಯಾಗಿದ್ದರೆ ಅದರಲ್ಲೂ ಸ್ವಲ್ಪ, ಎಲ್ಲವನ್ನೂ ಜೊತೆಗೆ ತೆಗೆದುಕೊಂಡು ಹೊರಡಿ. ತಿಂದು ಎಷ್ಟು ಹೊತ್ತಾಯಿತು ಎಂಬುದನ್ನು ನೆನಪಿಡಿ. ಪ್ರಾಣಿ ಚೆನ್ನಾಗಿದೆ ಎಂದು ಮನೆಯಲ್ಲಿ ಕಾಯಬೇಡಿ. ನಮ್ಮ ಮರಿಯೂ ಮೂರು ದಿನ ಚೆನ್ನಾಗಿಯೇ ಇತ್ತು.

ಹತ್ತಿರದ ಪಶುವೈದ್ಯರು ಯಾರು, ರಾತ್ರಿ ಯಾರು ಸಿಗುತ್ತಾರೆ ಎಂಬುದನ್ನು ಮರಿ ಬರುವ ಮುಂಚೆಯೇ ಕೇಳಿ ಬರೆದಿಡಿ. 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಇರುವುದು ಹೆಬ್ಬಾಳದಲ್ಲಿ. ಸಾರಕ್ಕಿಯಿಂದ ಅಲ್ಲಿಗೆ ಇಡೀ ಪಟ್ಟಣ ದಾಟಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಗಬಾರದು. ಹಳ್ಳಿಯಲ್ಲಿ ದನಕರುಗಳಿಗೆ ಆಪತ್ತು ಬಂದರೆ ಪಶು ಸಂಜೀವಿನಿ ವಾಹನಕ್ಕೆ 1962 ಎಂಬ ನಂಬರಿಗೆ ಫೋನು ಮಾಡಬಹುದು. ಅದನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಟ್ಟರೂ ಆದೀತು.

ಇಲ್ಲಿ ಹೇಳಿದ್ದರಲ್ಲಿ ಅರ್ಧ ನಮ್ಮ ಹಳ್ಳಿಯ ಮನೆಗೂ ಸಲ್ಲುತ್ತದೆ. ಕೀಟನಾಶಕದ ಡಬ್ಬ ಜಗಲಿಯ ಮೂಲೆಯಲ್ಲಿ ಇರುತ್ತದೆ. ಸಿಂಪಡಿಸುವ ಯಂತ್ರವನ್ನು ಕಲಗಚ್ಚಿನ ಬಾನಿಯ ಪಕ್ಕ ತೊಳೆಯುತ್ತೇವೆ. ಯೂರಿಯಾ ಚೀಲವನ್ನು ದನದ ತೊಟ್ಟಿಯಲ್ಲಿ ಜಾಲಿಸುತ್ತೇವೆ. ಆ ನೀರು ಕುಡಿದ ದನ ಉಳಿಯುವುದು ಕಷ್ಟ. ಇವುಗಳಿಗೆಲ್ಲ ಬೀಗ ಹಾಕಿದ ಒಂದು ಪೆಟ್ಟಿಗೆ, ಬೇರೆ ಒಂದು ಜಾಗ ಮಾಡಿ.

ಅಕ್ಕನ ಮನೆಗೆ ಮರುವರ್ಷ ಇನ್ನೊಂದು ಮರಿ ಕೊಟ್ಟೆವು. ಈ ಸಲ ಮೊದಲು ನಾನೊಬ್ಬನೇ ಹೋದೆ. ಭಾವನೂ ನಾನೂ ಸೇರಿ ಗೇಟಿಗೆ ಜಾಲರಿ ಕಟ್ಟಿದೆವು, ಸಂಪಿಗೆ ಬೀಗ ಹಾಕಿದೆವು, ಕಡಲೆಕಾಯಿಯನ್ನು ತಗಡಿನ ಡಬ್ಬಕ್ಕೆ ತುಂಬಿದೆವು. ಅಕ್ಕ ಅಡಿಗೆಮನೆಯ ಬಾಗಿಲ ಹಿಂದೆ ಒಂದು ಕಾಗದ ಅಂಟಿಸಿದಳು. ಮನೆಯಲ್ಲಿ ಯಾರು ಯಾವ ಔಷಧಿ, ಯಾವ ವಿಷವನ್ನು ಎಲ್ಲಿ ಇಟ್ಟರೂ ಅದರಲ್ಲಿ ಬರೆಯಬೇಕು. ಬಂದ ನೆಂಟರೂ ಬರೆಯಬೇಕು. ಆ ಮರಿ ಈಗ ದೊಡ್ಡ ನಾಯಿ, ನಾನು ಹೋದರೆ ಗೇಟಿನ ಬಳಿಯೇ ಬೊಗಳಿ ನಿಲ್ಲಿಸುತ್ತದೆ.

ನೀವು ಬೇರೆಲ್ಲ ಮರೆತರೂ ಆ ಕಾಗದ ಒಂದನ್ನು ಮರೆಯಬೇಡಿ. ಮನೆಯಲ್ಲಿ ಏನಾದರೂ ಇಟ್ಟರೆ ಹೇಳಿ, ಬರೆಯಿರಿ, ಪೊಟ್ಟಣ ಎಸೆಯಬೇಡಿ. ಮರಿಗೆ ಬಾಯಿಲ್ಲ. ಅದರ ಪರವಾಗಿ ಡಾಕ್ಟರಿಗೆ ಹೇಳಬೇಕಾದವರು ನಾವೇ.